ಬಾಯಿ ಅರ್ಧ ಮುಚ್ಚಿದರೆ ಗಂಟಲು ಉಳಿದೀತು

ಚಿಕ್ಕವರಿದ್ದಾಗ ತುಟಿ ಅದುರಿಸಿ "ಬುರ್ರ್ರ್..." ಅಂತ ಬಸ್ಸು ಬಿಡದೆ ದೊಡ್ಡವರಾದವರು ನಮ್ಮಲ್ಲಿ ಯಾರಾದರೂ ಇದ್ದೀರಾ? ಇರಲಿಕ್ಕಿಲ್ಲ. ಕೈಗೆ ಒಂದು ಊಟದ ತಟ್ಟೆ ಸಿಕ್ಕರೆ ಸಾಕು, ಅದೇ ಸ್ಟೇರಿಂಗು. ತುಮಕೂರಿನಿಂದ ಗುಬ್ಬಿಗೆ, ಗುಬ್ಬಿಯಿಂದ ತಿಪಟೂರಿಗೆ ಬಸ್ಸು ಹೊರಟೇಬಿಡುತ್ತಿತ್ತು. ಎಂಜಲು ಹಾರಿಸಬೇಡ್ವೋ ಅಂತ ಅಜ್ಜಿ ಎಷ್ಟು ಬೈದರೂ ಬಸ್ಸು ನಿಲ್ಲುತ್ತಿರಲಿಲ್ಲ.

ಅದೇ "ಬುರ್ರ್" ಅನ್ನು ಇವತ್ತು ಯೂರೋಪು, ಅಮೆರಿಕಾದ ಗಾಯಕರು ಹಾಡುವ ಮುಂಚೆ ಗಂಟಲು ಕಾಯಿಸಿಕೊಳ್ಳಲು ಮಾಡುತ್ತಾರೆ ಅಂದರೆ ನಗು ಬರಬಹುದು. ಧ್ವನಿ ಕೆಟ್ಟು ಬಂದವರಿಗೆ ಚಿಕಿತ್ಸೆ ಕೊಡುವವರೂ ಅದನ್ನೇ ಹೇಳಿಕೊಡುತ್ತಾರೆ. ಅದರ ಅಣ್ಣತಮ್ಮಂದಿರು ಇನ್ನೂ ಇದ್ದಾರೆ. ಬಾಯಿ ಮುಚ್ಚಿಕೊಂಡು "ಮ್ಮ್ಮ್" ಎಂದು ಗುನುಗುವುದು, ತುಟಿ ಕಿರಿದು ಮಾಡಿ "ವ್ವ್ವ್" ಎನ್ನುವುದು, ನಾಲಿಗೆ ಅದುರಿಸಿ "ರ್ರ್ರ್" ಎನ್ನುವುದು, ಜ್ಯೂಸ್ ಕುಡಿಯುವ ಸ್ಟ್ರಾ ಬಾಯಿಗಿಟ್ಟುಕೊಂಡು ಅದರೊಳಗೆ ರಾಗ ಎಳೆಯುವುದು. ನೋಡುವುದಕ್ಕೆ ಬೇರೆ ಬೇರೆ, ಒಳಗಿನ ಗುಟ್ಟು ಒಂದೇ. ದನಿ ಹೊರಗೆ ಹೋಗುವ ಬಾಗಿಲನ್ನು ಪೂರಾ ತೆರೆಯದೆ, ಅರ್ಧ ಮುಚ್ಚಿ, ಆಮೇಲೆ ದನಿ ಬಿಡುವುದು.

ಈ ವಿಷಯ ಇಲ್ಲಿ ಯಾಕೆ ಬಂತು ಅಂದರೆ, ನಮ್ಮ ತುಮಕೂರು ಸೀಮೆಯಲ್ಲಿ ಗಂಟಲು ಅನ್ನುವುದು ಸಣ್ಣ ಸಂಗತಿ ಅಲ್ಲ. ಇದು ನಾಟಕದ ಸೀಮೆ. ಇವತ್ತಿಗೂ ಹಳ್ಳಿಗಳಲ್ಲಿ ಜಾತ್ರೆಯ ಹೊತ್ತಿಗೆ "ಕುರುಕ್ಷೇತ್ರ" ಆಡುತ್ತಾರೆ. ದುರ್ಯೋಧನನ ಪಾತ್ರಕ್ಕೆ ಇಷ್ಟು, ಕೃಷ್ಣನ ಪಾತ್ರಕ್ಕೆ ಇಷ್ಟು ಅಂತ ಪಾತ್ರಧಾರಿಗಳೇ ದುಡ್ಡು ಹಾಕಿ, ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಹತ್ತಿರ ತಾಲೀಮು ಮಾಡಿ, ಒಂದೇ ಒಂದು ರಾತ್ರಿಗಾಗಿ ಬಣ್ಣ ಹಚ್ಚುತ್ತಾರೆ. ಆ ಒಂದು ರಾತ್ರಿ ಗಂಟಲು ಕೈಕೊಟ್ಟರೆ? ಅದೂ ಅರ್ಧ ನಾಟಕದಲ್ಲಿ? ನಮ್ಮ ಕಡೆಯವರಿಗೆ ಆ ಸಂಕಟ ಗೊತ್ತು.

ಗುಬ್ಬಿಯ ಗಂಟಲು

ಮೊದಲು ಗುಬ್ಬಿಗೆ ಹೋಗೋಣ. ತುಮಕೂರಿನಿಂದ ಸುಮಾರು 20 ಕಿಲೋಮೀಟರ್. 1884ರಲ್ಲಿ ಅಲ್ಲಿ ಹುಟ್ಟಿದ್ದು ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘ. ಊರ ದೇವರ ಹೆಸರನ್ನೇ ಇಟ್ಟುಕೊಂಡ ಕಂಪನಿ. 1891ರಲ್ಲಿ ಹುಟ್ಟಿದ ವೀರಣ್ಣ ಹುಡುಗನಾಗಿ ಅದರೊಳಗೆ ಸೇರಿ, 1917ರಲ್ಲಿ ಅದರ ಯಜಮಾನಿಕೆಯನ್ನೇ ವಹಿಸಿಕೊಂಡರು. ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ. 1934ರ "ಕುರುಕ್ಷೇತ್ರ"ದಲ್ಲಿ ರಂಗದ ಮೇಲೆ ನಿಜವಾದ ಆನೆ, ಕುದುರೆಗಳನ್ನೇ ತಂದು ನಿಲ್ಲಿಸಿದವರು ಅವರು.

ಆನೆ ಕುದುರೆಯ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡ ಸಾಹಸ ಅನ್ನಿಸುವುದು ಆ ನಟರ ಗಂಟಲು. ಸ್ವಲ್ಪ ಊಹಿಸಿಕೊಳ್ಳಿ. ಕಂಪನಿ ನಾಟಕದ ಮೊದಲ ದಶಕಗಳಲ್ಲಿ ಮೈಕ್ ಇಲ್ಲ. ತಗಡಿನ ಥಿಯೇಟರು, ತುಂಬಿದ ಜನ, ಅಳುವ ಮಕ್ಕಳು, ಕಡಲೆಕಾಯಿ ಮಾರುವವರು. ರಾತ್ರಿ ಊಟವಾದ ಮೇಲೆ ಶುರುವಾದ ಆಟ ಬೆಳಗಿನ ಜಾವದವರೆಗೆ. ಹಿಂದಿನ ಸಾಲಿನಲ್ಲಿ ನೆಲದ ಮೇಲೆ ಕೂತವನಿಗೂ ಮಾತು ಕೇಳಬೇಕು, ಹಾಡಿನ ಸಾಹಿತ್ಯವೂ ತಿಳಿಯಬೇಕು. ಒಂದು ಹಾಡು ಚೆನ್ನಾಗಿ ಬಂತೋ, "ವನ್ಸ್ ಮೋರ್!" ಸತ್ತು ಬಿದ್ದ ಪಾತ್ರ ಎದ್ದು ಕೂತು ಮತ್ತೊಮ್ಮೆ ಹಾಡಿ ಸಾಯಬೇಕು :) ನಾಳೆ ರಾತ್ರಿ ಮತ್ತೆ ಅದೇ.

ಹಾರ್ಮೋನಿಯಮ್ಮಿನ ಲೆಕ್ಕದಲ್ಲಿ "ಬಿಳಿ ನಾಲ್ಕು" ಅಂದರೆ ಮೇಲಿನ ಷಡ್ಜ ಮುಟ್ಟುವಾಗ ಗಂಡಸಿನ ಧ್ವನಿತಂತುಗಳು ಸೆಕೆಂಡಿಗೆ 350ರ ಹತ್ತಿರ ಸಲ ಒಂದಕ್ಕೊಂದು ಬಡಿದುಕೊಳ್ಳುತ್ತವೆ. ತಂತು ಅನ್ನುತ್ತೇವೆ, ನಿಜಕ್ಕೂ ಅವು ತಂತಿಗಳಲ್ಲ. ಒಂದು, ಒಂದೂವರೆ ಸೆಂಟಿಮೀಟರ್ ಉದ್ದದ ಎರಡು ಮೆತ್ತನೆಯ ಮಡಿಕೆಗಳು. ಮೈಕಿಲ್ಲದ ಕಾಲದ ನಾಟಕ ನಿಂತಿದ್ದು ಈ ಎರಡು ಮಡಿಕೆಗಳ ಮೇಲೆ.

ಹಾಗಾಗಿ ಕಂಪನಿಗಳಲ್ಲಿ ಒಳ್ಳೆಯ ಕಂಠ ಅಂದರೆ ಮೊದಲನೆಯದಾಗಿ ದೊಡ್ಡ ಕಂಠ. ಸುಮ್ಮನೆ ಅಲ್ಲ, ಹೊಟ್ಟೆಪಾಡಿನ ಪ್ರಶ್ನೆ. ಕೇಳಿಸದ ನಟನಿಗೆ ಕಂಪನಿಯಲ್ಲಿ ಏನು ಕೆಲಸ? ಗುಬ್ಬಿ ಕಂಪನಿಯಿಂದ ಬಂದವರ ಪಟ್ಟಿ ನೋಡಿದರೆ ಕಂಠಗಳ ಮೆರವಣಿಗೆ ಹೊರಟಂತೆ ಕಾಣುತ್ತದೆ. ಬಿ. ಜಯಮ್ಮ, ಹೊನ್ನಪ್ಪ ಭಾಗವತರ್, ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ, ಅವರ ಮಗ ಮುತ್ತುರಾಜ (ನಮ್ಮ ಅಣ್ಣಾವ್ರು!), ಬಿ.ವಿ. ಕಾರಂತ. ಮುಂದಿನ ತಲೆಮಾರಿಗೆ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ. ರಾಜ್‌ಕುಮಾರ್ ವಿಷಯವನ್ನೇ ತಗೊಳ್ಳಿ. 1974ರ "ಸಂಪತ್ತಿಗೆ ಸವಾಲ್" ಚಿತ್ರದ ನಂತರ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿ, ಅರವತ್ತು ದಾಟಿದ ಮೇಲೆ "ಜೀವನ ಚೈತ್ರ"ದ ಹಾಡಿಗೆ 1992ರ ಸಾಲಿನ ರಾಷ್ಟ್ರಪ್ರಶಸ್ತಿ ಪಡೆದರು. ಸಿನಿಮಾಕ್ಕೆ ಬರುವ ಮೊದಲು ವರ್ಷಗಟ್ಟಲೆ ನಾಟಕದಲ್ಲಿ ದುಡಿದ ಗಂಟಲು ಅದು, ಅಷ್ಟು ಕಾಲ ಬಾಳಿತು.

ಆದರೆ ನಾವು ಹೆಸರು ನೆನಪಿಟ್ಟುಕೊಂಡಿರುವುದು ಬಾಳಿದ ಗಂಟಲುಗಳನ್ನು ಮಾತ್ರ ಅಲ್ವಾ? ಒಡೆದುಹೋದ ಗಂಟಲುಗಳಿಗೆ ಚರಿತ್ರೆ ಇಲ್ಲ.

ಶಾಸ್ತ್ರದಲ್ಲಿ ತಪ್ಪು, ಸಾಧನೆಯಲ್ಲಿ ಮದ್ದು

ಹಾಗಾದರೆ ಬಾಯಿ ಮುಚ್ಚಿ ದನಿ ತೆಗೆಯುವುದು ನಮ್ಮವರಿಗೆ ಹೊಸದೇ? ಅಲ್ಲವೇ ಅಲ್ಲ.

15ನೇ ಶತಮಾನದ "ಹಠಯೋಗ ಪ್ರದೀಪಿಕೆ"ಯಲ್ಲಿ ಸ್ವಾತ್ಮಾರಾಮ ಹೇಳುವ ಎಂಟು ಕುಂಭಕಗಳಲ್ಲಿ ಭ್ರಾಮರಿ ಒಂದು. ದುಂಬಿಯ ಹಾಗೆ ಝೇಂಕರಿಸುತ್ತಾ ನಿಧಾನವಾಗಿ ಉಸಿರು ಬಿಡುವುದು. ಇವತ್ತು ಟೀವಿಯಲ್ಲಿ ಯೋಗ ಕಲಿಸುವವರೆಲ್ಲ ಕಿವಿ ಮುಚ್ಚಿಸಿ, ತುಟಿ ಮುಚ್ಚಿಸಿ ಮಾಡಿಸುವುದು ಇದನ್ನೇ. ಇನ್ನು ಓಂಕಾರವನ್ನೇ ನೋಡಿ. ಅಕಾರದಲ್ಲಿ ಬಾಯಿ ತೆರೆದಿರುತ್ತದೆ, ಉಕಾರದಲ್ಲಿ ತುಟಿ ದುಂಡಗಾಗಿ ಕಿರಿದಾಗುತ್ತದೆ, ಮಕಾರದಲ್ಲಿ ಮುಚ್ಚುತ್ತದೆ. ಪೂರ್ತಿ ತೆರೆದದ್ದರಿಂದ ಪೂರ್ತಿ ಮುಚ್ಚಿದ್ದರವರೆಗೆ ಒಂದೇ ಉಸಿರಿನಲ್ಲಿ ಒಂದು ಪ್ರಯಾಣ.

ವೇದ ಓದುವವರಿಗಾಗಿ ಇರುವ "ಪಾಣಿನೀಯ ಶಿಕ್ಷೆ" ಇನ್ನೊಂದು ಜಾಣತನದ ಮಾತು ಹೇಳುತ್ತದೆ. ಬೆಳಗ್ಗೆ ಎದೆಯಿಂದ, ಹುಲಿ ಗುರುಗುಟ್ಟುವ ಹಾಗೆ ತಗ್ಗಿನ ದನಿಯಲ್ಲಿ ಪಠಿಸು, ಎತ್ತರದ ದನಿ ಸಂಜೆಗಿರಲಿ ಅನ್ನುವುದು ಅದರ ಸಾರ. ಮಲಗಿ ಎದ್ದ ಗಂಟಲಿಗೆ ಏಕಾಏಕಿ ಭಾರ ಹೊರಿಸಬಾರದು ಅಂತ ಅವರಿಗೆ ಗೊತ್ತಿತ್ತು. ಹಿಂದೂಸ್ತಾನಿಯವರು ನಸುಕಿನಲ್ಲಿ ಎದ್ದು ಖರಜ ಸಾಧನೆ ಅಂತ ಮಂದ್ರದ ಷಡ್ಜ ಹಿಡಿದು ಕೂರುವುದೂ ಇದೇ ದಾರಿ. ಅಂದ ಹಾಗೆ, ಗುಬ್ಬಿ ಕಂಪನಿಯ ಹುಡುಗ ಕಾರಂತರನ್ನು ಓದಲು ಬನಾರಸ್ಸಿಗೆ ಕಳಿಸಿದ್ದು ವೀರಣ್ಣನವರೇ. ಅಲ್ಲಿ ಅವರು ಓಂಕಾರನಾಥ ಠಾಕೂರರ ಹತ್ತಿರ ಹಿಂದೂಸ್ತಾನಿ ಸಂಗೀತವನ್ನೂ ಕಲಿತರು.

ಆದರೆ ಗಾಯನಶಾಸ್ತ್ರದ ಪುಸ್ತಕ ತೆರೆದರೆ ಕಥೆ ತಿರುಗುತ್ತದೆ. 13ನೇ ಶತಮಾನದ ಶಾರ್ಙ್ಗದೇವನ "ಸಂಗೀತ ರತ್ನಾಕರ"ದಲ್ಲಿ ಗಾಯಕರ 25 ದೋಷಗಳ ಪಟ್ಟಿ ಇದೆ. (ಈ ಗ್ರಂಥಕ್ಕೆ 15ನೇ ಶತಮಾನದಲ್ಲಿ ವ್ಯಾಖ್ಯಾನ ಬರೆದ ಕಲ್ಲಿನಾಥ ನಮ್ಮ ವಿಜಯನಗರದವನು.) ಪಟ್ಟಿ ಓದುತ್ತಿದ್ದರೆ ಪರಿಚಯದ ಮುಖಗಳೆಲ್ಲ ಕಣ್ಣ ಮುಂದೆ ಬರುತ್ತವೆ. ಹಲ್ಲು ಕಚ್ಚಿಕೊಂಡು ಹಾಡುವವನು ಸಂದಷ್ಟ. ಭಯಂಕರವಾಗಿ ಬಾಯಿ ಕಿಸಿಯುವವನು ಕರಾಳಿ. ಕತ್ತಿನ ನರ ಉಬ್ಬಿಸುವವನು ಝೋಂಬಕ. ಸೋರೆಬುರುಡೆಯ ಹಾಗೆ ಕೆನ್ನೆ ಊದಿಸುವವನು ತುಂಬಕಿ. ಮೂಗಿನಲ್ಲಿ ಹಾಡುವವನು ಸಾನುನಾಸಿಕ.

ಗಮನಿಸಿದಿರಾ? ಬಾಯಿ ಬಿಗಿದರೂ ತಪ್ಪು, ಕಿಸಿದರೂ ತಪ್ಪು. ಕೆನ್ನೆ ಊದಿಸಿದರೂ ತಪ್ಪು, ಮೂಗಿನಲ್ಲಿ ಹಾಡಿದರೂ ತಪ್ಪು. ಸ್ಟ್ರಾದೊಳಗೆ ದನಿ ಬಿಡುವಾಗ ಕೆನ್ನೆ ಸ್ವಲ್ಪ ಊದಲೇಬೇಕು, "ಮ್ಮ್" ಅಂದರೆ ದನಿ ಮೂಗಿನಿಂದಲೇ ಬರಬೇಕು. ಅಂದರೆ ಶಾಸ್ತ್ರಕಾರ ದೋಷ ಅಂದದ್ದರಲ್ಲೇ ಇವತ್ತಿನ ಚಿಕಿತ್ಸೆ ಅಡಗಿದೆಯಲ್ಲ! ಇದರಲ್ಲಿ ವಿರೋಧವೇನೂ ಇಲ್ಲ. ಶಾರ್ಙ್ಗದೇವ ಹೇಳಿದ್ದು ಸಭೆಯಲ್ಲಿ ಹಾಡುವಾಗಿನ ಮಾತು. ಸಭೆಗೆ ಹೋಗುವ ಮುಂಚೆ ಮನೆಯಲ್ಲಿ ಗಂಟಲನ್ನು ಹೇಗೆ ಹದ ಮಾಡಿಕೊಳ್ಳಬೇಕು ಅನ್ನುವುದು ಬೇರೆ ಮಾತು. ಕುಸ್ತಿ ಅಖಾಡದಲ್ಲಿ ಯಾರೂ ಬಸ್ಕಿ ಹೊಡೆಯುವುದಿಲ್ಲ, ಹಾಗಂತ ಬಸ್ಕಿ ಹೊಡೆಯದವನು ಅಖಾಡಕ್ಕೆ ಇಳಿಯುವುದೂ ಇಲ್ಲ.

ತೊಂದರೆ ಆದದ್ದು ಎಲ್ಲಿ ಅಂದರೆ, ಮುಚ್ಚಿದ ತುಟಿಯ ದನಿ ನಮ್ಮಲ್ಲಿ ದೇವರ ಮನೆಯಲ್ಲಿ, ಯೋಗದ ಚಾಪೆಯ ಮೇಲೆ ಉಳಿಯಿತು. ಅದು ಮನಸ್ಸಿಗೆ, ಉಸಿರಿಗೆ ಸಂಬಂಧಿಸಿದ್ದು ಅಂದುಕೊಂಡೆವು. ಗಂಟಲಿಗೆ ಮದ್ದು ಅಂತ ಯಾರೂ ಅದನ್ನು ಎತ್ತಿಕೊಂಡು ಬಂದು ನಾಟಕದ ತಾಲೀಮಿನಲ್ಲಿ ಇಡಲಿಲ್ಲ.

ಕನ್ನಡಿ, ಕೊಳವೆ, ನೀರು

ಅತ್ತ ಯೂರೋಪಿನಲ್ಲಿ ಇದು ಬಂದದ್ದು ವೈದ್ಯರ ಬಾಗಿಲಿನಿಂದ. 1854ರಲ್ಲಿ ಮ್ಯಾನುಯೆಲ್ ಗಾರ್ಸಿಯಾ ಎಂಬ ಸಂಗೀತದ ಮೇಷ್ಟ್ರು ಹಲ್ಲಿನ ವೈದ್ಯರ ಪುಟ್ಟ ಕನ್ನಡಿಯನ್ನು ಗಂಟಲೊಳಗೆ ಹಿಡಿದು, ಬಿಸಿಲಿನ ಸಹಾಯದಿಂದ ತನ್ನ ಧ್ವನಿತಂತುಗಳು ಕುಣಿಯುವುದನ್ನು ತಾನೇ ನೋಡಿದ. ಮರುವರ್ಷ ಅದನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ತಿಳಿಸಿದ. ಗುಬ್ಬಿ ಕಂಪನಿ ಹುಟ್ಟುವುದಕ್ಕೆ 30 ವರ್ಷ ಮುಂಚಿನ ಮಾತು ಇದು.

ಕಣ್ಣಿಗೆ ಕಂಡ ಮೇಲೆ ರಿಪೇರಿಯ ಯೋಚನೆಯೂ ಬಂತು. 20ನೇ ಶತಮಾನ ಶುರುವಾಗುವ ಹೊತ್ತಿಗೆ ಜರ್ಮನಿಯಲ್ಲಿ, ಫ್ರಾಂಕ್‌ಫರ್ಟಿನ ಗುಸ್ಟಾವ್ ಸ್ಪೀಸ್ ಅವರಂಥ ಗಂಟಲಿನ ವೈದ್ಯರು, ದನಿ ಹೋದವರಿಂದ ಇಂಥ ಅಭ್ಯಾಸ ಮಾಡಿಸುತ್ತಿದ್ದರು. 1960ರ ದಶಕದಲ್ಲಿ ಫಿನ್‌ಲೆಂಡಿನ ಧ್ವನಿವಿಜ್ಞಾನಿ ಆಂಟಿ ಸೋವಿಯಾರ್ವಿ ಇದಕ್ಕೊಂದು ಅಳತೆಯನ್ನೇ ಕೊಟ್ಟರು. ದೊಡ್ಡವರಿಗೆ 26ರಿಂದ 28 ಸೆಂಟಿಮೀಟರ್ ಉದ್ದದ ಗಾಜಿನ ಕೊಳವೆ. ಒಂದು ತುದಿ ತುಟಿಗಳ ನಡುವೆ, ಇನ್ನೊಂದು ತುದಿ ನೀರಿನ ಬಟ್ಟಲಿನಲ್ಲಿ ಒಂದೆರಡು ಸೆಂಟಿಮೀಟರ್ ಮುಳುಗಿರಬೇಕು. ದನಿ ಬಿಟ್ಟರೆ ಗುಳುಗುಳು ಅಂತ ಗುಳ್ಳೆ. ಮುಂದೆ ಅದೇ ದೇಶದ ಮಾರ್ಕೆಟ್ಟಾ ಸಿಹ್ವೋ ಗಾಜಿನ ಬದಲು ಬಗ್ಗುವ ಸಿಲಿಕೋನ್ ಕೊಳವೆ ತಂದರು. ಅದಕ್ಕೆ "ಲಾಕ್ಸ್ ವಾಕ್ಸ್" ಅಂತ ಹೆಸರು.

ನಾಟಕದವರೂ ಹಿಂದೆ ಬೀಳಲಿಲ್ಲ. ಆರ್ಥರ್ ಲೆಸ್ಸಾಕ್, ಕ್ರಿಸ್ಟಿನ್ ಲಿಂಕ್‌ಲೇಟರ್ ಮುಂತಾದವರು ನಟರಿಗೆ ಗುನುಗುವುದನ್ನು, ತುಟಿ ಅದುರಿಸುವುದನ್ನು ಪಾಠವಾಗಿಯೇ ಕಲಿಸಿದರು. ಲಿಂಕ್‌ಲೇಟರ್ ಅವರ ಪುಸ್ತಕ ಬಂದದ್ದು 1976ರಲ್ಲಿ. ಆದರೆ "ಇದರಿಂದ ಗುಣ ಕಾಣುತ್ತದೆ ನಿಜ, ಯಾಕೆ ಕಾಣುತ್ತದೆ?" ಅನ್ನುವ ಪ್ರಶ್ನೆಗೆ ಗಟ್ಟಿ ಉತ್ತರ ಸಿಕ್ಕಿದ್ದು ತೀರಾ ಈಚೆಗೆ. ಅಮೆರಿಕದ ಇಂಗೋ ಟೀಟ್ಸ ಎಂಬ ವಿಜ್ಞಾನಿ 2006ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದರ ಭೌತಶಾಸ್ತ್ರವನ್ನು ಬಿಡಿಸಿಟ್ಟರು.

ಅದನ್ನು ನಮ್ಮ ತೋಟದ ಭಾಷೆಯಲ್ಲಿ ಹೇಳುತ್ತೇನೆ. ತೆಂಗಿನ ಗಿಡಕ್ಕೆ ಪೈಪಿನಲ್ಲಿ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಅಡ್ಡ ಇಟ್ಟರೆ ಏನಾಗುತ್ತದೆ? ನೀರು ದೂರ ಚಿಮ್ಮುವುದು ಒಂದು. ಇನ್ನೊಂದು, ಬೆರಳಿನ ಹಿಂದೆ ಪೈಪು ಬಿಗಿಯಾಗಿ ಉಬ್ಬುತ್ತದೆ. ಮುದುರಿದ್ದ ಜಾಗ ಬಿಚ್ಚಿಕೊಳ್ಳುತ್ತದೆ. ತುಟಿ ಅರ್ಧ ಮುಚ್ಚಿದಾಗಲೂ ಹಾಗೇ. ಹೊರಗೆ ಹೋಗಲಾಗದ ಗಾಳಿಯ ಒತ್ತಡ ಬಾಯಿಯೊಳಗೆ ಹೆಚ್ಚಿ, ಧ್ವನಿತಂತುಗಳ ಮೇಲ್ಭಾಗದವರೆಗೂ ಹಿಂದಕ್ಕೆ ಒತ್ತುತ್ತದೆ. ಆಗ ಎರಡು ಮಡಿಕೆಗಳು ಒಂದನ್ನೊಂದು ಜಜ್ಜದೆ, ಸ್ವಲ್ಪ ಅಂತರ ಇಟ್ಟುಕೊಂಡೇ ಅದುರುತ್ತವೆ. ಜೊತೆಗೆ ಬಾಯಿಯೊಳಗಿನ ಗಾಳಿಯ ಕಂಬ ಆ ಅದುರುವಿಕೆಗೆ ಉಯ್ಯಾಲೆ ತೂಗಿದ ಹಾಗೆ ಹೊತ್ತಿಗೆ ಸರಿಯಾಗಿ ತಳ್ಳು ಕೊಡುತ್ತದೆ. ಕಡಿಮೆ ಶ್ರಮ, ಕಡಿಮೆ ಪೆಟ್ಟು, ಆದರೆ ಮೇಲಿನ ಷಡ್ಜದವರೆಗೂ ಪೂರ್ತಿ ಕಸರತ್ತು.

ಪೆಟ್ಟು ಕಡಿಮೆಯಾಗುವುದು ಎಷ್ಟು ದೊಡ್ಡ ವಿಷಯ ಅಂತ ಲೆಕ್ಕ ಹಾಕಿ. ಒಬ್ಬ ಶಾಲಾ ಟೀಚರಮ್ಮನ ಧ್ವನಿತಂತು ಸೆಕೆಂಡಿಗೆ 200 ಸಲ ಬಡಿದುಕೊಳ್ಳುತ್ತದೆ ಅಂತಿಟ್ಟುಕೊಳ್ಳಿ. ಒಟ್ಟು ಒಂದು ಗಂಟೆ ದನಿ ತೆಗೆದರೆ 7 ಲಕ್ಷದ 20 ಸಾವಿರ ಸಲ! ಅದನ್ನು ಜೋರಾಗಿ ಕೂಗಿಯೇ ಮಾಡಿದರೆ ಆ ಮೆತ್ತನೆಯ ಅಂಚಿನಲ್ಲಿ ಅಂಗೈ ಮೇಲಿನ ಆಣಿಯ ಹಾಗೆ ಗಂಟು ಕಟ್ಟುವುದರಲ್ಲಿ ಆಶ್ಚರ್ಯವೇನಿದೆ?

ಇದಕ್ಕೆ ಚಿಕಿತ್ಸೆ ಬೇಕೆಂದರೆ ವಿದೇಶಕ್ಕೇನೂ ಹೋಗಬೇಕಾಗಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲೇ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮಾತು ಬಾರದ ಮಕ್ಕಳಿಗೆ, ಕಿವಿ ಕೇಳಿಸದವರಿಗೆ ಮಾತ್ರ ಅಂತ ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ದನಿ ಕೆಟ್ಟವರಿಗೂ ಅಲ್ಲಿ ಚಿಕಿತ್ಸೆ ಇದೆ, ಧ್ವನಿ ಚಿಕಿತ್ಸಕರನ್ನು ತಯಾರು ಮಾಡುವುದೂ ಅಲ್ಲೇ.

ವಸಂತನರಸಾಪುರದ ಸದ್ದು

ಈಗ ನಮ್ಮ ಕಾಲಕ್ಕೆ ಬರೋಣ. ತುಮಕೂರಿನಿಂದ ಶಿರಾ ಕಡೆಗೆ ಹೆದ್ದಾರಿ ಹಿಡಿದು ಹೋದರೆ ವಸಂತನರಸಾಪುರದ ಕೈಗಾರಿಕಾ ಪ್ರದೇಶ. 2014ರ ಸೆಪ್ಟೆಂಬರಿನಲ್ಲಿ ಪ್ರಧಾನಿ ಬಂದು ಫುಡ್ ಪಾರ್ಕ್ ಉದ್ಘಾಟಿಸಿದ ಮೇಲೆ ಹೊರಗಿನವರಿಗೂ ಹೆಸರು ಗೊತ್ತಾಯಿತು. ಸುತ್ತಲ ಹಳ್ಳಿಗಳ ಹುಡುಗರು ಶಿಫ್ಟಿನ ಬಸ್ಸು ಹತ್ತಿ ಅಲ್ಲಿಗೆ ಕೆಲಸಕ್ಕೆ ಹೋಗುತ್ತಾರೆ.

ಕಾರ್ಖಾನೆಗೂ ಗಂಟಲಿಗೂ ಏನು ಸಂಬಂಧ? 1911ರಲ್ಲಿ ಎತಿಯೆನ್ ಲೊಂಬಾರ್ ಎಂಬ ಫ್ರೆಂಚ್ ವೈದ್ಯ ಒಂದು ಸಂಗತಿ ತೋರಿಸಿಕೊಟ್ಟ. ಸುತ್ತ ಸದ್ದು ಹೆಚ್ಚಿದರೆ ಮನುಷ್ಯ ತನಗೇ ಅರಿವಿಲ್ಲದೆ ದನಿ ಏರಿಸುತ್ತಾನೆ. ಯಾರೂ ಹೇಳಿಕೊಡಬೇಕಿಲ್ಲ, ತಡೆಯುವುದೂ ಕಷ್ಟ. ಮೆಷಿನ್ ಪಕ್ಕ ಎಂಟು ಗಂಟೆ ನಿಂತು "ಏಯ್, ಆ ಕಡೆ ಹಿಡ್ಕೊಳಯ್ಯಾ" ಅಂತ ಕೂಗಿದವನ ಗಂಟಲು ಮನೆಗೆ ಬರುವ ಹೊತ್ತಿಗೇ ದಣಿದಿರುತ್ತದೆ. ಅದೇ ಗಂಟಲು ರಾತ್ರಿ ಒಂಬತ್ತಕ್ಕೆ ತಾಲೀಮಿಗೆ ಕೂತು ಭೀಮನ ಕಂದಪದ್ಯ ಎತ್ತಬೇಕು. ಮೇಷ್ಟ್ರು ಹಾರ್ಮೋನಿಯಂ ಒತ್ತಿ "ಇನ್ನೂ ತೆಗೀರಿ, ಇನ್ನೂ ಮೇಲೆ ತೆಗೀರಿ" ಅನ್ನುತ್ತಾರೆ. ನರ ಉಬ್ಬುತ್ತದೆ. ಶಾರ್ಙ್ಗದೇವನ ಝೋಂಬಕ ತಯಾರು!

ಮೇಷ್ಟ್ರನ್ನು ದೂರಿ ಪ್ರಯೋಜನವಿಲ್ಲ. ಅವರು ಕಲಿಸುತ್ತಿರುವುದು ಕಂಪನಿಯಿಂದ ಬಳುವಳಿಯಾಗಿ ಬಂದ ಗಾಯನ. ಮೈಕಿಲ್ಲದ ತಗಡಿನ ಥಿಯೇಟರಿನ ಕೊನೆಯ ಸಾಲಿಗೆಂದು ಕಟ್ಟಿದ್ದು. ವ್ಯತ್ಯಾಸ ಏನೆಂದರೆ, ಕಂಪನಿಯ ಹುಡುಗ ಏಳೆಂಟು ವರ್ಷದವನಿದ್ದಾಗಲೇ ಸೇರಿ, ದಿನಾ ಹಾಡಿ ಹಾಡಿ ಗಂಟಲು ಪಳಗಿಸಿಕೊಳ್ಳುತ್ತಿದ್ದ. ನಮ್ಮ ಭೀಮನಿಗೆ ನಲವತ್ತು ವರ್ಷ, ಸಿಕ್ಕಿರುವುದು ಮೂರು ತಿಂಗಳು. ಅಂದಿನ ಭಾರ ಹಾಗೇ ಇದೆ, ಅದನ್ನು ಹೊರಿಸುವ ಅಭ್ಯಾಸ ಮಾತ್ರ ಇಲ್ಲ. ವೇದಿಕೆಯ ಮೇಲೆ ಈಗ ನಾಲ್ಕು ಮೈಕು ತೂಗುತ್ತಿರುತ್ತವೆ. ಆ ಸುದ್ದಿ ನಮ್ಮ ಗಂಟಲಿಗೆ ಇನ್ನೂ ಮುಟ್ಟಿಲ್ಲ.

ತಾಲೀಮಿಗೆ ಮುಂಚೆ ಹತ್ತು ನಿಮಿಷ

ಹಾಡಿನ ಶೈಲಿ ಬದಲಾಯಿಸಿ ಅಂತ ನಾನು ಹೇಳುವುದಿಲ್ಲ. ಆ ಎತ್ತರದ ಶ್ರುತಿಯಲ್ಲೇ ರಂಗಗೀತೆಯ ರುಚಿ ಇರುವುದು. ತಾಲೀಮಿಗೆ ಮುಂಚೆ ಹತ್ತು ನಿಮಿಷ ಬಾಯಿ ಅರ್ಧ ಮುಚ್ಚಿ, ಅಷ್ಟೇ.

ಮೊದಲು ಬಸ್ಸು ಬಿಡಿ. ಕುಣಿಗಲ್ಲಿನ ಕುದುರೆ ಫಾರಂ ಕಡೆಯವರಾದರೆ ಕುದುರೆ ತುಟಿ ಪಟಪಟಿಸುವುದನ್ನು ನೆನೆಸಿಕೊಳ್ಳಿ. ತುಟಿ ಸಡಿಲ ಬಿಟ್ಟು "ಬುರ್ರ್" ಎನ್ನುತ್ತಾ ತಗ್ಗಿನಿಂದ ಮೇಲಕ್ಕೆ, ಮೇಲಿನಿಂದ ತಗ್ಗಿಗೆ ದನಿಯನ್ನು ಜಾರಿಸಿ. ತುಟಿ ನಿಂತುಹೋದರೆ ಎರಡು ಬೆರಳಿನಿಂದ ಕೆನ್ನೆಯನ್ನು ಮೆತ್ತಗೆ ಒತ್ತಿಕೊಳ್ಳಿ.

ಆಮೇಲೆ ಹಲ್ಲು ಕಚ್ಚದೆ, ತುಟಿ ಮಾತ್ರ ಮುಚ್ಚಿ "ಮ್ಮ್ಮ್". ತುಟಿಯಲ್ಲಿ, ಮೂಗಿನ ಬುಡದಲ್ಲಿ ಜುಮ್ ಅನ್ನಬೇಕು. ಗಂಟಲಲ್ಲಿ ಬಿಗಿ ಅನ್ನಿಸಿದರೆ ಶ್ರುತಿ ಇಳಿಸಿ.

ಕೊನೆಗೆ ಸ್ಟ್ರಾ. ಪ್ಲಾಸ್ಟಿಕ್ ಸ್ಟ್ರಾ 2022ರ ಜುಲೈಯಿಂದ ನಿಷೇಧ ಆಗಿದೆ, ಕಾಗದದ್ದೋ ಸ್ಟೀಲಿನದೋ ಆಗುತ್ತದೆ. (ಪರಂಗಿ ಎಲೆಯ ದಂಟು ಬೇಡ. ಚಿಕ್ಕಂದಿನಲ್ಲಿ ಅದನ್ನು ಊದಿದ್ದೇವೆ ನಿಜ, ಆದರೆ ಅದರ ಹಾಲು ಬಾಯಿಗೆ ಒಳ್ಳೆಯದಲ್ಲ.) ಸ್ಟ್ರಾ ಸುತ್ತ ತುಟಿ ಬಿಗಿಯಾಗಿ ಮುಚ್ಚಿ ಒಳಗೆ "ಊ" ಅನ್ನಿ. ದನಿ ಬರುತ್ತಿರುವಾಗಲೇ ಮೂಗು ಹಿಡಿದು ನೋಡಿ. ದನಿ ನಿಂತರೆ ಗಾಳಿ ಮೂಗಿನಿಂದ ಸೋರುತ್ತಿದೆ ಅಂತ ಅರ್ಥ, ಎಲ್ಲವೂ ಸ್ಟ್ರಾದಿಂದಲೇ ಬರಬೇಕು. ಒಂದೆರಡು ಸಲ ಮೇಲೆ ಕೆಳಗೆ ಜಾರಿಸಿದ ಮೇಲೆ ನಿಮ್ಮ ರಂಗಗೀತೆಯನ್ನೇ ಮಾತಿಲ್ಲದೆ ಸ್ಟ್ರಾದೊಳಗೆ ಹಾಡಿ. ತೆಗೆದು ಬಾಯಿ ತೆರೆದು ಹಾಡಿದರೆ ವ್ಯತ್ಯಾಸ ನಿಮಗೇ ತಿಳಿಯುತ್ತದೆ. ನಾಟಕ ಮುಗಿದ ಮೇಲೂ ಇದನ್ನೇ ಸ್ವಲ್ಪ ಹೊತ್ತು ಮಾಡಿದರೆ ದಣಿದ ಗಂಟಲಿಗೆ ಆರಾಮ.

ಒಂದು ಎಚ್ಚರಿಕೆ. ದನಿ ಒಡೆದು ಮೂರ್ನಾಲ್ಕು ವಾರವಾದರೂ ಸರಿಹೋಗದಿದ್ದರೆ ಸ್ಟ್ರಾ, ಶುಂಠಿ, ಕಲ್ಲುಸಕ್ಕರೆ ಎಲ್ಲ ಬದಿಗಿಟ್ಟು ಇ.ಎನ್.ಟಿ. ಡಾಕ್ಟರಿಗೆ ತೋರಿಸಿ. ಬೀಡಿ ಸಿಗರೇಟು ಸೇದುವವರಂತೂ ತಡ ಮಾಡಲೇಬಾರದು. ಗಾರ್ಸಿಯಾ ಬಿಸಿಲಿಗೆ ಕನ್ನಡಿ ಹಿಡಿದು ನೋಡಿದ್ದನ್ನು ಇವತ್ತು ಅವರು ಕ್ಯಾಮೆರಾ ಇಟ್ಟು ಐದು ನಿಮಿಷದಲ್ಲಿ ನೋಡುತ್ತಾರೆ.

ವೀರಣ್ಣನವರು ಹೋಗಿ (1972) ಅರ್ಧ ಶತಮಾನವೇ ಕಳೆಯಿತು. ಆನೆ ಕುದುರೆ ತರುವ ಶಕ್ತಿ ನಮ್ಮ ಹಳ್ಳಿಯ ನಾಟಕಗಳಿಗಿಲ್ಲ. ಅಲ್ಲಿ ಉಳಿದಿರುವ ನಿಜವಾದ ಆಸ್ತಿ ಅಂದರೆ ಹಾಡುವ ಮನುಷ್ಯರ ಗಂಟಲು. ಅದನ್ನು ಕಾಯುವುದಕ್ಕೆ ಬೇಕಾಗಿರುವುದು ಒಂದು ಸ್ಟ್ರಾ, ಮತ್ತೆ ನಾಚಿಕೆ ಬಿಟ್ಟು ಹತ್ತು ನಿಮಿಷ "ಬುರ್ರ್" ಅನ್ನುವ ಧೈರ್ಯ. ಹಾರ್ಮೋನಿಯಂ ಮೇಷ್ಟ್ರೇ ಮೊದಲು ಶುರುಮಾಡಿದರೆ ಯಾರಿಗೂ ನಾಚಿಕೆ ಉಳಿಯುವುದಿಲ್ಲ.

ನಿಮ್ಮೂರಲ್ಲಿ ಯಕ್ಷಗಾನದ ಭಾಗವತರೋ, ಹರಿಕಥೆ ದಾಸರೋ, ಸೋಬಾನೆ ಹಾಡುವ ಅಜ್ಜಿಯರೋ ಗಂಟಲು ಹದ ಮಾಡಿಕೊಳ್ಳಲು ಏನು ಮಾಡುತ್ತಾರೆ? ಗೊತ್ತಿದ್ದವರು ಬರೆಯಿರಿ. ಕೇಳುವ ಆಸೆ ಇದೆ.